ಹದಿನೇಳನೇ ಚೌಕ

ಉಸಿರು ಬಿಡಿ ಎಂದು ಆಕೆ ಹೇಳಿದಾಗಲೆಲ್ಲ ಅವನು ಉಸಿರು ಬಿಗಿಹಿಡಿಯುತ್ತಿದ್ದ. ಹಟದಿಂದಲ್ಲ. ಮೂವತ್ತು ವರ್ಷ ಬೇರೆಯವರಿಗೆ ಅಪ್ಪಣೆ ಕೊಟ್ಟುಕೊಂಡು ಬಂದ ಮೈ, ಈಗ ತಾನೇ ಅಪ್ಪಣೆ ಕೇಳಬೇಕಾಗಿ ಬಂದಾಗ ಕಂಗಾಲಾಗುತ್ತಿತ್ತು, ಅಷ್ಟೆ. ಅಂಗಾತ ಮಲಗಿ, ಎರಡೂ ಮಂಡಿ ಮಡಚಿ, ಸೊಂಟವನ್ನು ನೆಲಕ್ಕೆ ಒಪ್ಪಿಸಿಬಿಡಿ ಎನ್ನುತ್ತಿದ್ದಳು ಯೋಗದ ಟೀಚರ್. ಒಪ್ಪಿಸುವುದಕ್ಕೆ ಅದೇನು ಮಗ್ಗಿಯೇ ಎಂದು ಮೊದಲ ದಿನ ಅವನಿಗೆ ಸಿಟ್ಟು ಬಂದಿತ್ತು. ಕೆಳಗಿನ ಅಂತಸ್ತಿನಲ್ಲಿ ಬಟ್ಟೆ ಒಗೆಯುವ ಅಂಗಡಿ. ಅಲ್ಲಿಯ ದೊಡ್ಡ ಯಂತ್ರಗಳ ಗುಡುಗುಡು ನೆಲದ ಮೂಲಕ ಏರಿ ಬೆನ್ನುಮೂಳೆಗೆ ತಲುಪುತ್ತಿತ್ತು, ಕಿಟಕಿಯಿಂದ ಸೋಪಿನ ಹಬೆ ಬರುತ್ತಿತ್ತು, ನೆಲ ಸದಾ ಬೆಚ್ಚಗಿರುತ್ತಿತ್ತು. ಆ ಬಿಸುಪಿಗೆ ಬಲಗಡೆಯ ಚಾಪೆಯ ಬಸ್ ಡ್ರೈವರು ಆಗಲೇ ಗೊರಕೆ ಶುರುಮಾಡಿದ್ದ. ಎಡಗಡೆಯ ಮುದುಕಿ, ಎಪ್ಪತ್ತು ದಾಟಿದವಳು, ಮಂಡಿಗಳನ್ನು ಎದೆಗೆ ಅವುಚಿಕೊಂಡು ಕೂಸಿನ ಹಾಗೆ ಆಚೀಚೆ ಹೊರಳಾಡುತ್ತಿದ್ದಳು. ಇಲ್ಲಿ ಎಲ್ಲರನ್ನೂ ನೋಯುವ ಜಾಗ ಹಿಡಿದು ಕರೆಯುವುದು ರೂಢಿ. ಡ್ರೈವರು ಕುತ್ತಿಗೆ, ಮುದುಕಿ ಮಂಡಿ ಅಜ್ಜಿ, ಅವನು ಸೊಂಟ. ಶಾಲೆಯಲ್ಲಿ ಮಕ್ಕಳು ಡ್ರಿಲ್ ಮೇಷ್ಟ್ರಾದ ತನಗೆ ಬೆನ್ನ ಹಿಂದೆ ಸೀಟಿ ಎನ್ನುತ್ತಾರೆಂದು ಅವನಿಗೆ ಗೊತ್ತಿತ್ತು. ಅದಕ್ಕಿಂತ ಸೊಂಟವೇ ವಾಸಿ ಎನ್ನಿಸಿತ್ತು.

ಪ್ರತಿಯೊಬ್ಬರ ಚಾಪೆಯ ತಲೆಯ ಬಳಿ ಒಂದೊಂದು ಕೋಟಿನ ಗುಂಡಿ ಇರುತ್ತಿತ್ತು. ಕೆಳಗಿನ ಅಂಗಡಿಯಲ್ಲಿ ಒಗೆಯುವಾಗ ಕಿತ್ತು ಬಂದು, ಯಾರ ಕೋಟಿನದೆಂದು ತಿಳಿಯದೆ ಡಬ್ಬಿಯಲ್ಲಿ ಉಳಿದ ಗುಂಡಿಗಳು. ಆಕೆ ಕೇಳಿ ತಂದು, ಒಂದು ಮುಖಕ್ಕೆ ಕೆಂಪು ಬಣ್ಣ ಬಳಿದಿದ್ದಳು. ಕೆಂಪು ಮೇಲಿದ್ದರೆ ಮುಟ್ಟುವುದಿಲ್ಲ, ಬಾಯಲ್ಲಿ ಮಾತ್ರ ಹೇಳಿಕೊಡುತ್ತಾಳೆ. ಕೆಂಪು ಕೆಳಗಿದ್ದರೂ ಸುಮ್ಮನೆ ಕೈ ಹಾಕುವವಳಲ್ಲ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ‘ಮುಟ್ಟಲಾ?’ ಎಂದು ಕೇಳುತ್ತಾಳೆ, ಹೂಂ ಎನ್ನುವವರೆಗೆ ಕಾಯುತ್ತಾಳೆ. ಇದೆಂಥ ಪಾಠ ಮಾಡುವ ರೀತಿ ಎಂದು ಅವನು ಮೊದಮೊದಲು ಒಳಗೊಳಗೇ ನಕ್ಕಿದ್ದ. ಇನ್ನೂರು ಮಕ್ಕಳನ್ನು ಒಬ್ಬೊಬ್ಬರಾಗಿ ಕೇಳುತ್ತ ಹೋದರೆ ಡ್ರಿಲ್ ಮುಗಿಯುವ ಹೊತ್ತಿಗೆ ಮಕ್ಕಳಿಗೆ ಮೀಸೆ ಬಂದಿರುತ್ತದೆ. ಆದರೆ ಆರು ವಾರದಿಂದ ಅವನ ಗುಂಡಿ ಕೆಂಪು ಮೇಲಾಗಿಯೇ ಇತ್ತು. ಗಂಡಸು, ನಾಚಿಕೆ ಸ್ವಭಾವ ಎಂದು ಮಂಡಿ ಅಜ್ಜಿ ಭಾವಿಸಿದ್ದಳು. ನಾಚಿಕೆಯಲ್ಲ, ಭಯ. ಆಕೆ ಬೆನ್ನ ಮೇಲೆ ಕೈಯಿಟ್ಟರೆ, ಇಟ್ಟ ಕೈ ಒತ್ತದೆ ಇದ್ದೀತೇ ಎಂಬ ಭಯ. ಆಕೆಯ ಜಾಗದಲ್ಲಿ ತಾನಿದ್ದರೆ ಖಂಡಿತ ಒತ್ತುತ್ತಿದ್ದೆ ಎಂದು ಅವನಿಗೆ ಗೊತ್ತಿತ್ತು.

ಏಕೆಂದರೆ ಮೊದಲ ದಿನವೇ ಅವನು ಆಕೆಯ ಭುಜ ನೋಡಿದ್ದ. ಎರಡೂ ಕೈ ಮೇಲೆತ್ತಿ ಎಂದಾಗ ಬಲಗೈ ಸಲೀಸಾಗಿ ಆಕಾಶಕ್ಕೆ ಹೋಯಿತು, ಎಡಗೈ ಕಿವಿಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಅದನ್ನು ಆಕೆ ಮುಚ್ಚಿಡಲೂ ಇಲ್ಲ, ಅದಕ್ಕಾಗಿ ಮುಖ ಸಣ್ಣದು ಮಾಡಲೂ ಇಲ್ಲ. ‘ನನ್ನದು ಇಷ್ಟಕ್ಕೇ ನಿಲ್ಲುತ್ತೆ. ನಿಮ್ಮದು ಎಲ್ಲಿಗೆ ನಿಲ್ಲುತ್ತೋ ಅಲ್ಲಿಗೆ ನಿಲ್ಲಿಸಿ. ಅಂಚಿನ ತನಕ ಹೋಗಿ, ದಾಟಬೇಡಿ,’ ಎಂದಳು. ಎಲ್ಲರೂ ಕೈಯೆತ್ತಿದ್ದಾಗ ಅವನು ಮಾತ್ರ ಕೈ ಕೆಳಗೆ ಬಿಟ್ಟು ನಿಂತಿದ್ದ. ಎಡ ಭುಜ. ವಯಸ್ಸು ಮೂವತ್ತೈದರ ಆಸುಪಾಸು. ಲೆಕ್ಕ ಸರಿಹೋಯಿತು. ಅವತ್ತು ಆ ಹುಡುಗಿಗೆ ಹನ್ನೆರಡು, ಅದಾಗಿ ಇಪ್ಪತ್ತಮೂರು ವರ್ಷ. ಮಾರನೆಯ ದಿನದಿಂದ ಬರಬಾರದೆಂದು ನಿರ್ಧಾರ ಮಾಡಿ ಮೆಟ್ಟಿಲಿಳಿದವನು ಮಾರನೆಯ ದಿನ ಎಲ್ಲರಿಗಿಂತ ಮೊದಲು ಬಂದು ಚಾಪೆ ಹಾಸಿದ. ಅಂದಿನಿಂದ ಆಕೆ ಏನು ಹೇಳಿದರೂ ಅದರಲ್ಲಿ ಒಂದು ಚುಚ್ಚುಮಾತು ಕೇಳಿಸುತ್ತಿತ್ತು. ‘ಯಾರೂ ನಿಮ್ಮನ್ನ ಒತ್ತಾಯ ಮಾಡ್ತಿಲ್ಲ’ ಎಂದರೆ ತನಗೇ ಹೇಳಿದ್ದು. ‘ಮೈಗೆ ಎಲ್ಲಾ ನೆನಪಿರುತ್ತೆ’ ಎಂದರಂತೂ ಅವನಿಗೆ ಚಾಪೆಯನ್ನೇ ಹೊದ್ದುಕೊಂಡು ಬಿಡೋಣ ಎನ್ನಿಸುತ್ತಿತ್ತು.

ಇವತ್ತು ಕೊನೆಯ ತರಗತಿ. ಸೋಮವಾರದಿಂದ ಕೆಲಸಕ್ಕೆ ಹೋಗಬಹುದೆಂದು ಡಾಕ್ಟರು ಬರೆದುಕೊಟ್ಟಿದ್ದರು. ಹೋಗುವುದರೊಳಗೆ ಆಕೆಗೆ ಹೇಳಿಬಿಡಬೇಕು, ಹೇಳದೆ ಆ ಮೈದಾನಕ್ಕೆ ಕಾಲಿಡಲಾರೆ, ಇಟ್ಟರೂ ಸೀಟಿ ಬಾಯಿಗೆ ಹೋಗಲಾರದು. ಮಧ್ಯಾಹ್ನ ಮನೆಯಿಂದ ಹೊರಡುವ ಮುಂಚೆ ಹೆಂಡತಿ ಅವನ ಪಾದದ ಬಳಿ ಕೂತು ಶೂ ಲೇಸು ಕಟ್ಟುವಾಗಲೂ ಇದೇ ಯೋಚನೆ ಮಾಡುತ್ತ ಅವಳ ಬೈತಲೆಯ ನರೆಯನ್ನು ನೋಡುತ್ತಿದ್ದ.

‘ಸೋಮವಾರದಿಂದ ಲೇಸ್ ಕಟ್ಟೋಕೆ ನಾನೂ ಸ್ಕೂಲಿಗೆ ಬರ್ಬೇಕಾ ಹೇಗೆ?’ ಎಂದಳು ಅವಳು.

‘ನಾನೇ ಕಟ್ಕೋತೀನಿ.’

‘ಕಟ್ಕೊಂಡ್ರಿ ಬಿಡಿ. ಊರಿನ ಮಕ್ಕಳನ್ನೆಲ್ಲಾ ಬಗ್ಗಿಸಿ ಬಗ್ಗಿಸಿ ನಿಮಗೇ ಬಗ್ಗೋದು ಮರೆತುಹೋಗಿದೆ.’ ಗಂಟು ಬಿಗಿದು ಅವನ ಮೊಣಕಾಲು ತಟ್ಟಿ ಎದ್ದಳು. ಅವಳ ಮಾತಿನಲ್ಲಿ ಪ್ರೀತಿ ಬಿಟ್ಟು ಬೇರೇನೂ ಇರಲಿಲ್ಲ. ಇವಳೇ ತನ್ನ ತಂಗಿಯ ಹತ್ತಿರ, ತಂಗಿಯ ಗಂಡನ ಹತ್ತಿರ, ಹೊಸದಾಗಿ ಪಕ್ಕದ ಮನೆಗೆ ಬಂದವರ ಹತ್ತಿರ ಎಷ್ಟು ಸಲ ಹೇಳಿಲ್ಲ, ನಮ್ಮನೆಯವರು ನೋಡೋಕೆ ಒರಟು ಅಷ್ಟೆ, ಒಂದು ಸಲ ಒಂದು ಹುಡುಗಿ ಕಸರತ್ತಿನ ಕಂಬಿಯಿಂದ ಬಿದ್ದು ಭುಜ ಮುರ್ಕೊಂಡಾಗ ಎರಡು ಮೈಲಿ ಹೊತ್ಕೊಂಡು ಓಡಿದ್ರು ಆಸ್ಪತ್ರೆಗೆ, ಎಂದು. ಅವಳು ಹೇಳುವಾಗ ಅವನು ಏನೋ ನೆನಪಾದವನಂತೆ ಎದ್ದು ಒಳಗೆ ಹೋಗುತ್ತಿದ್ದ. ಹೊಗಳಿಕೆ ಅಂದ್ರೆ ಆಗಲ್ಲ ಇವರಿಗೆ ಎಂದು ಅವಳು ಅದನ್ನೂ ಸೇರಿಸಿ ಹೇಳುತ್ತಿದ್ದಳು.

ಓಡಿದ್ದು ನಿಜ. ಹೊತ್ತದ್ದೂ ನಿಜ. ಕಂಬಿ ಮಾತ್ರ ಸುಳ್ಳು.

‘ಈಗ ಬೆಕ್ಕಿನ ಥರ, ಕೈ ಮಂಡಿ ಊರಿ,’ ಎಂದಳು ಆಕೆ. ಅವನು ಮಗ್ಗುಲಿಗೆ ಹೊರಳಿ, ಮೊಣಕೈ ಊರಿ, ಅವಳು ಕಲಿಸಿದ ಹಾಗೆ ಒಂದೊಂದೇ ಮೆಟ್ಟಿಲಾಗಿ ಎದ್ದು ನಾಲ್ಕು ಕಾಲಿನ ಪ್ರಾಣಿಯಾದ. ನೋವು ಇತ್ತು, ಆದರೆ ಈಗ ಅದು ಬಾಗಿಲು ಬಡಿಯುವ ನೋವಲ್ಲ, ಮೂಲೆಯಲ್ಲಿ ಕೂತು ಕೆಮ್ಮುವ ನೋವು. ಉಸಿರು ಬಿಡುತ್ತ ಬೆನ್ನು ಮೇಲಕ್ಕೆ, ತಗೊಳ್ಳುತ್ತ ಕೆಳಕ್ಕೆ. ತಲೆ ತಗ್ಗಿಸಿದಾಗ ತನ್ನದೇ ಮಂಡಿಗಳು ಕಂಡವು. ಎಂಟು ವಾರದ ಹಿಂದೆ ಮೈದಾನದಲ್ಲಿ ಕಂಡದ್ದೂ ಇವೇ ಮಂಡಿಗಳು. ಬೆಳಗಿನ ಪ್ರಾರ್ಥನೆ ಮುಗಿದಿತ್ತು. ಸಿಮೆಂಟು ನೆಲದ ಮೇಲೆ ಸುಣ್ಣದ ಗೆರೆಯ ಇನ್ನೂರು ಚೌಕ, ಪ್ರತಿ ಚೌಕಕ್ಕೆ ಒಂದು ಸಂಖ್ಯೆ, ಪ್ರತಿ ಸಂಖ್ಯೆಗೆ ಒಂದು ಮಗು. ಕೊರಳಿನ ದಾರ ಸಡಿಲಾಗಿ ಸೀಟಿ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದ. ಸೊಂಟದಲ್ಲಿ ಏನೋ ಕಚಕ್ಕೆಂದಿತು, ಮತ್ತೆ ಏಳಲಾಗಲಿಲ್ಲ. ಉಸಿರೆಳೆದರೆ ಕತ್ತಿಯಲ್ಲಿ ಇರಿದಂತೆ. ಕೂಗಲು ಗಾಳಿಯಿಲ್ಲ. ಬಗ್ಗಿದ ಹಾಗೆಯೇ ಕಾಲಿನ ಸಂದಿಯಿಂದ ನೋಡಿದರೆ, ತಲೆಕೆಳಗಾಗಿ, ಇನ್ನೂರು ಮಕ್ಕಳೂ ಬಗ್ಗಿದ್ದರು.

ಮೇಷ್ಟ್ರು ಬಗ್ಗಿದ್ದಾರೆ, ಇದು ಹೊಸ ಕಸರತ್ತು, ತಾವೂ ಬಗ್ಗಬೇಕು. ಎದ್ದೇಳಿ ಎಂದು ಅವನು ಹೇಳಲಿಲ್ಲ, ಅವರು ಏಳಲಿಲ್ಲ. ಒಂದು ಮಗುವೂ ನಗಲಿಲ್ಲ. ಅದೇ ಅವನನ್ನು ಇವತ್ತಿಗೂ ಕೊರೆಯುವುದು. ನಕ್ಕಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಎಷ್ಟು ಹೊತ್ತು ಹಾಗೆ ಕಳೆಯಿತೋ, ಯಾರೋ ಒಬ್ಬರ ಕಾಲು ನಡುಗುವುದು ಕಂಡಿತು, ಇನ್ನೊಂದು ಚೌಕದಲ್ಲಿ ಒಂದು ಮಗು ಮುಗ್ಗರಿಸಿ ಬಿದ್ದು, ಹೆದರಿ ಮತ್ತೆ ಎದ್ದು ಬಗ್ಗಿತು. ಇದನ್ನು ಕಲಿಸಿದವನು ನಾನು ಎಂದು ಅವನಿಗೆ ತಲೆಕೆಳಗಾಗಿ ಹೊಳೆಯಿತು. ಆ ಇಡೀ ಮೈದಾನದಲ್ಲಿ ನೆಟ್ಟಗಿದ್ದದ್ದು ಒಬ್ಬಳೇ. ಡ್ರಿಲ್ಲಿಗೆ ಬೇಡವೆಂದು ಮನೆಯಿಂದ ಚೀಟಿ ತಂದು ಅಂಚಿನ ಬೆಂಚಿನ ಮೇಲೆ ಕೂರುವ ಮೂರನೇ ಕ್ಲಾಸಿನ ಹುಡುಗಿ. ಅಂಥವರಿಗೆ ಚೌಕವೂ ಇಲ್ಲ, ಸಂಖ್ಯೆಯೂ ಇಲ್ಲ; ಅವನು ಅವಳನ್ನು ಬೆಂಚು ಎಂದೇ ಕರೆಯುತ್ತಿದ್ದ. ಬೆಂಚು ಎದ್ದು ಬಂದು, ಬಗ್ಗಿ ಅವನ ಮುಖ ನೋಡಿ, ಏನೂ ಕೇಳದೆ ಓಡಿಹೋಗಿ ಗಣಿತದ ಮೇಷ್ಟ್ರನ್ನು ಕರೆದುಕೊಂಡು ಬಂದಳು.

‘ಸೊಂಟ, ಕತ್ತು ಸಡಿಲ ಬಿಡಿ,’ ಎಂದಳು ಮಂಡಿ ಅಜ್ಜಿ ಪಕ್ಕದಿಂದ, ತಾನೇ ಟೀಚರ್ ಎಂಬಂತೆ. ‘ಆ ಥರ ಬಿಗಿದುಕೊಂಡ್ರೆ ಬೆಕ್ಕಲ್ಲ, ಅದು ಮೇಜು.’ ಡ್ರೈವರು ಕುತ್ತಿಗೆ ಹಿಡಿದುಕೊಂಡು ನಕ್ಕ. ಅವನಿಗೂ ನಗು ಬಂತು. ಕೊನೆಗೆ ಅಂಗಾತ ಮಲಗಿ ಕಣ್ಣು ಮುಚ್ಚಿದಾಗ, ನೋವಿರುವ ಜಾಗಕ್ಕೆ ಗಮನ ಕೊಡಿ, ಅದನ್ನ ಸರಿಮಾಡೋಕೆ ಹೋಗಬೇಡಿ, ಸುಮ್ಮನೆ ಜೊತೇಲಿರಿ, ಎಂದಳು ಆಕೆ. ಅವನ ಗಮನ ಸೊಂಟಕ್ಕೆ ಹೋಗಲೇ ಇಲ್ಲ. ನೆಟ್ಟಗೆ ಇಪ್ಪತ್ತಮೂರು ವರ್ಷದ ಹಿಂದಿನ ಹದಿನೇಳನೇ ಚೌಕಕ್ಕೆ ಹೋಯಿತು. ಮಾರನೆಯ ದಿನ ಇನ್‌ಸ್ಪೆಕ್ಟರು ಬರುವವರಿದ್ದರು. ಕಾಲು ಚಾಚಿ ಕೂತು ಮುಂದಕ್ಕೆ ಬಾಗಿ, ಕೈಗಳನ್ನು ಬೆನ್ನ ಹಿಂದೆ ಹೆಣೆದು ಮೇಲಕ್ಕೆತ್ತಬೇಕು. ಎಲ್ಲರ ಕೈ ಒಂದೇ ಎತ್ತರಕ್ಕೆ. ಹದಿನೇಳರ ಕೈ ಒಂದು ಗೇಣು ಕಡಿಮೆ. ಸಾಲು ಕೆಡುತ್ತಿತ್ತು. ಎರಡು ಸಲ ಸೀಟಿ ಊದಿದ. ಮೂರನೆಯ ಸಲ ಹಿಂದಿನಿಂದ ಹೋಗಿ, ಬೆನ್ನಿಗೆ ಮೊಣಕಾಲು ಕೊಟ್ಟು, ಹೆಣೆದ ಕೈಗಳನ್ನು ಹಿಡಿದು ಎತ್ತಿದ. ಆಗ್ತಿಲ್ಲ ಸಾರ್ ಎಂದಿತು ಕೆಳಗಿನಿಂದ ಒಂದು ಧ್ವನಿ. ಆಗುತ್ತೆ ಎಂದ. ಬಿಳಿ ಅಂಗಿಯೊಳಗೆ ಬೆನ್ನುಮೂಳೆಯ ಗಂಟುಗಳು ಒಂದೊಂದಾಗಿ ಎದ್ದು ಕಾಣುತ್ತಿದ್ದವು. ಆಮೇಲೆ ಆ ಸದ್ದು, ಹಸಿ ಕಡ್ಡಿ ಮುರಿದ ಹಾಗೆ. ಇಷ್ಟೆಲ್ಲ ನೆನಪಿದೆ. ಸದ್ದು ನೆನಪಿದೆ, ಬೆನ್ನು ನೆನಪಿದೆ. ಮುಖ ಹೇಗಿತ್ತೆಂದು ಆರು ವಾರದಿಂದ ನೆನಪು ಮಾಡಿಕೊಳ್ಳುತ್ತಿದ್ದಾನೆ, ಬರುತ್ತಿಲ್ಲ.

ತರಗತಿ ಮುಗಿಯಿತು. ಡ್ರೈವರು ಎದ್ದು, ನಾನು ನಿದ್ದೆ ಮಾಡ್ಲಿಲ್ಲ, ಜೊತೇಲಿದ್ದೆ ಅಷ್ಟೆ, ಎಂದು ಎಲ್ಲರನ್ನೂ ನಗಿಸಿ ಹೋದ. ಮಂಡಿ ಅಜ್ಜಿ ಗೋಡೆ ಹಿಡಿದು ಮೆಟ್ಟಿಲಿಳಿದಳು. ಅವನು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಶೂಗಳಲ್ಲಿ ಕಾಲು ತೂರಿಸಿದ. ಬರುವಾಗ ಹೆಂಡತಿ ಕಟ್ಟಿದ್ದ ಗಂಟನ್ನು ಲೇಸಿನ ತುದಿ ಇನ್ನೊಂದು ಕಾಲಲ್ಲಿ ತುಳಿದು ಬಿಚ್ಚಿದ್ದ. ಪ್ರತಿ ಸಲವೂ ಹಾಗೆಯೇ, ಹೋಗುವಾಗ ಲೇಸುಗಳನ್ನು ಶೂವಿನೊಳಗೆ ತುರುಕಿಕೊಂಡು ಹೋಗುತ್ತಿದ್ದ. ಆಕೆ ಚಾಪೆಗಳನ್ನು ಸುತ್ತುತ್ತ, ಗುಂಡಿಗಳನ್ನು ಡಬ್ಬಿಗೆ ಹಾಕುತ್ತಿದ್ದಳು.

‘ನಾನು ಯಾರು ಅಂತ ನಿಮಗೆ ಗೊತ್ತಲ್ವಾ?’ ಎಂದ. ಎಷ್ಟೋ ದಿನದಿಂದ ಅಂದುಕೊಂಡ ಮೊದಲ ವಾಕ್ಯ ಇದಾಗಿರಲಿಲ್ಲ.

‘ಡ್ರಿಲ್ ಮೇಷ್ಟ್ರು ಅಂತ ಫಾರಂನಲ್ಲಿ ಬರ್ದಿದ್ರಿ.’

‘ಅದಲ್ಲ. ನಿಮ್ಮ ಭುಜ. ನಾನೇ ಮಾಡಿದ್ದು ಅದು. ಕಂಬಿಯಿಂದ ಬಿದ್ದಿದ್ದಲ್ಲ. ನಿಮಗೆ ಗೊತ್ತು, ನನಗೆ ಗೊತ್ತು. ಹಾಗಂತ ಬರ್ದು ನಿಮ್ಮ ಕೈಲಿ ಸೈನ್ ಮಾಡಿಸಿದ್ದೂ ನಾನೇ. ಹೆಡ್‌ಮೇಷ್ಟ್ರು ಹೇಳಿದ್ರು ಅಂತ ಮಾಡ್ದೆ. ಅಲ್ಲ, ಅವರು ಹೇಳದಿದ್ರೂ ಮಾಡ್ತಿದ್ದೆ.’ ಒಮ್ಮೆ ಬಾಯಿ ತೆರೆದ ಮೇಲೆ ಕಟ್ಟೆ ಒಡೆದ ಹಾಗಾಯಿತು. ಅವಳ ಅಪ್ಪ ಬಂದದ್ದನ್ನು ಹೇಳಿದ. ಕೆಲಸದ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ ಮನುಷ್ಯ. ನೀವಿಲ್ಲದಿದ್ರೆ ನನ್ನ ಮಗಳ ಗತಿ ಏನಾಗ್ತಿತ್ತೋ ಸಾರ್, ನಿಮ್ಮ ಉಪಕಾರ ಮರೆಯೋದಿಲ್ಲ ಎಂದಿದ್ದ. ಪಕ್ಕದಲ್ಲಿ ಕೈಗೆ ಕಟ್ಟು ಹಾಕಿಸಿಕೊಂಡು ಅವಳು ನಿಂತಿದ್ದಳು, ಅವನು ಟೋಪಿಯನ್ನೇ ನೋಡುತ್ತ, ಇರಲಿ ಬಿಡಿ, ನನ್ನ ಕರ್ತವ್ಯ ಎಂದಿದ್ದ. ಇದಾದ ಮೇಲೆ ಇನ್ನೊಂದಿತ್ತು. ಅದನ್ನೂ ಹೇಳಿದ. ಕಟ್ಟು ಬಿಚ್ಚಿ ತಿರುಗಿ ಬಂದ ಮೇಲೆ, ಹಾಜರಿ ಕರೆದಾಗ ಎಲ್ಲರೂ ಎರಡೂ ಕೈಯೆತ್ತಬೇಕಿತ್ತು. ‘ನೀವು ಒಂದನ್ನೇ ಎತ್ತಿದ್ರಿ. ಹದಿನೇಳು ಇವತ್ತು ಅರ್ಧ ಹಾಜರಿ ಅಂದೆ ನಾನು. ಎಲ್ಲರೂ ನಕ್ಕರು. ನಗಲಿ ಅಂತಲೇ ಅಂದಿದ್ದು. ಆಮೇಲೆ ದಿನಾ ಅಂದೆ. ನಿಮ್ಮನ್ನ ನೋಡಿದ್ರೆ ನಾನು ಮಾಡಿದ್ದೇ ಕಾಣ್ತಿತ್ತು, ಅದಕ್ಕೇ ಅಂದೆ.’

ಕೆಳಗೆ ಒಂದು ಯಂತ್ರ ನಿಂತಿತು. ಆಕೆ ಡಬ್ಬಿಯ ಮುಚ್ಚಳ ಹಾಕಿ, ಅವನ ಎದುರಿಗೆ ನೆಲದ ಮೇಲೆ ಕೂತಳು.

‘ಸರ್, ನಾನು ನಿಮ್ಮ ಸ್ಕೂಲಲ್ಲಿ ಓದಿಲ್ಲ. ನಾನು ಈ ಊರಿಗೆ ಬಂದೇ ನಾಲ್ಕು ವರ್ಷ ಆಯ್ತು. ನನ್ನ ಭುಜ ಹುಟ್ಟುವಾಗಲೇ ಹೀಗೆ. ಹೆರಿಗೆ ಕಷ್ಟ ಆಯ್ತಂತೆ, ಎಳೆದರಂತೆ.’

ಆಗ ಅವನಿಗೆ ಆದದ್ದು, ಯಾರ ಮುಂದೆಯೂ ಒಪ್ಪಿಕೊಳ್ಳಲಾಗದಂಥದ್ದು. ನಿರಾಳವಾಯಿತು. ಬಚಾವಾದೆ ಎನ್ನಿಸಿತು. ಆರು ವಾರದಲ್ಲಿ ಮೊದಲ ಬಾರಿಗೆ ಸೊಂಟ ತಾನಾಗಿ ಸಡಿಲಾಗಿ, ಉಸಿರು ಹೊಟ್ಟೆಯ ತಳದಿಂದ ಹೊರಗೆ ಬಂತು. ಬಂದ ಮರುಕ್ಷಣವೇ ಆ ಉಸಿರಿಗಾಗಿಯೇ ಅವನು ನಾಚಿಕೆಯಿಂದ ಕುಗ್ಗಿಹೋದ. ಹೇಳಿದ್ದೂ ಆಯಿತು, ಹೇಳಬೇಕಾದವರಿಗೆ ಹೇಳಿದ ಹಾಗೂ ಆಗಲಿಲ್ಲ. ಇದಕ್ಕಿಂತ ಅಗ್ಗದಲ್ಲಿ ಯಾರು ಪಾರಾಗಿದ್ದಾರೆ.

‘ಅವರ ಹೆಸರೇನು?’ ಎಂದು ಕೇಳಿದಳು ಆಕೆ.

‘ಹದಿನೇಳು,’ ಎಂದ. ಅಂದ ಮೇಲೆ ಏನು ಅಂದೆ ಎಂದು ಕೇಳಿಸಿತು. ಹೆಸರು ಹುಡುಕಿದ, ಸಂಖ್ಯೆಯೇ ಸಿಕ್ಕಿತು. ‘ಚೌಕದ ನಂಬರು. ನಾನು ಎಲ್ಲರನ್ನೂ ಹಾಗೇ... ಮುಖಾನೂ ನೆನಪಿಲ್ಲ. ಅದಕ್ಕೇ ನೀವು ಅಂದ್ಕೊಂಡೆ.’

ಸಮಾಧಾನ ಹೇಳಿಯಾಳು ಎಂದು ಅವನ ಮನಸ್ಸಿನ ಒಂದು ಮೂಲೆ ಇನ್ನೂ ಕಾಯುತ್ತಿತ್ತು. ಆಕೆ ಹೇಳಲಿಲ್ಲ. ‘ಅವರ ಪರವಾಗಿ ನಾನು ಏನೂ ಹೇಳೋಕಾಗಲ್ಲ ಸರ್,’ ಎಂದಳಷ್ಟೆ. ಆಮೇಲೆ ಅವನ ಶೂಗಳನ್ನು ನೋಡಿ, ‘ಇವತ್ತು ಟ್ರೈ ಮಾಡಿ. ಸೊಂಟದಿಂದ ಬಗ್ಗಬೇಡಿ. ಒಂದು ಮಂಡಿ ನೆಲಕ್ಕೆ ಊರಿ, ಅಲ್ಲಿಗೆ ನೀವೇ ಇಳಿದು ಹೋಗಿ,’ ಎಂದಳು. ಅವನು ತಲೆಯಾಡಿಸಿ, ಎಂದಿನಂತೆ ಲೇಸು ಒಳಗೆ ತುರುಕಿಕೊಂಡು ಮೆಟ್ಟಿಲಿಳಿದ. ಅವಳೆದುರು ಮಂಡಿಯೂರಲು ಅವನಿಗೆ ಧೈರ್ಯ ಬರಲಿಲ್ಲ.

ಮನೆಯ ಕಡೆಗೆ ತಿರುಗಬೇಕಾದ ಕಡೆ ತಿರುಗದೆ ಕಾಲು ಶಾಲೆಯ ಕಡೆ ನಡೆಯಿತು. ಮಧ್ಯಾಹ್ನದ ತರಗತಿಗಳು ನಡೆಯುತ್ತಿದ್ದವು, ಯಾವುದೋ ಕೋಣೆಯಿಂದ ಒಟ್ಟಾಗಿ ಏನನ್ನೋ ಓದುವ ಧ್ವನಿ ಬರುತ್ತಿತ್ತು. ಖಾಲಿ ಮೈದಾನದಲ್ಲಿ ಚೌಕಗಳು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿದ್ದವು. ರಜೆಗೆ ಮುಂಚೆ ಅವನೇ ನಿಂತು ಸುಣ್ಣ ಹೊಡೆಸಿದ್ದ. ಅವುಗಳನ್ನು ತುಳಿಯದೆ ಅಂಚಿನಲ್ಲೇ ನಡೆದು ಆಟದ ಸಾಮಾನಿನ ಕೋಣೆಯ ಬೀಗ ತೆಗೆದ. ಚರ್ಮದ ಚೆಂಡುಗಳ, ಹಳೆ ಹಗ್ಗದ ವಾಸನೆ. ಕಬ್ಬಿಣದ ಬೀರುವಿನ ಎಲ್ಲಕ್ಕಿಂತ ಕೆಳಗಿನ ಖಾನೆಯಲ್ಲಿ ಪೆಟ್ಟು ಬಿದ್ದವರ ಪುಸ್ತಕಗಳು, ವರ್ಷಕ್ಕೊಂದರಂತೆ. ಯಾರೂ ಬಗ್ಗಿ ನೋಡಬಾರದೆಂದೇ ಅಲ್ಲಿಟ್ಟಿದ್ದನೋ ಏನೋ, ಈಗ ನೆನಪಿಲ್ಲ.

‘ಅಯ್ಯೋ ಸಾರ್, ಸೋಮವಾರ ಅಂದಿದ್ರು,’ ಎನ್ನುತ್ತ ಆಫೀಸಿನ ಗುಮಾಸ್ತೆ ಬಾಗಿಲಿಗೆ ಬಂದಳು. ಅವಳಿಗೂ ಅವನಿಗೂ ಇಪ್ಪತ್ತು ವರ್ಷದ ಸಲಿಗೆ. ‘ಏನ್ ಬೇಕಿತ್ತು? ನೀವು ಬಗ್ಗಬೇಡಿ, ನಾನ್ ತೆಗೀತೀನಿ.’

‘ಬೇಡ,’ ಎಂದ. ‘ನಾನೇ ತೆಗೀಬೇಕು.’

ಒಂದು ಕೈಯಲ್ಲಿ ಬೀರುವಿನ ಅಂಚು ಹಿಡಿದ. ಉಸಿರು ಬಿಡುತ್ತ ಬಲ ಮಂಡಿ ಇಳಿಸಿದ. ನೋವು ತಲೆಯೆತ್ತಿತು, ಅಲ್ಲೇ ನಿಂತ, ಅದು ಕೂರುವವರೆಗೆ ಕಾದ, ಮತ್ತೆ ಇಳಿದ. ಎಡ ಮಂಡಿಯೂ ನೆಲ ಮುಟ್ಟಿತು. ಆರು ವಾರ ಕಲಿತದ್ದೆಲ್ಲ ಇಷ್ಟಕ್ಕೇ ಇರಬಹುದು ಎಂದುಕೊಂಡ. ಧೂಳಿನಿಂದ ಆ ವರ್ಷದ ಪುಸ್ತಕ ಎಳೆದು, ಹಾಳೆ ತಿರುವಿದ. ತನ್ನದೇ ಅಕ್ಷರ, ಈಗಿನದಕ್ಕಿಂತ ದುಂಡಗೆ. ಏಳನೇ ತರಗತಿ. ಎಡ ಭುಜ. ಕಾರಣ: ಕಂಬಿಯಿಂದ ಬಿದ್ದದ್ದು, ವಿದ್ಯಾರ್ಥಿನಿಯ ಸ್ವಂತ ಅಜಾಗರೂಕತೆ. ಕೆಳಗೆ ಅವಳ ಸಹಿ. ಸಹಿ ಮಾಡಿ ಅಭ್ಯಾಸವಿಲ್ಲದ ಮಗು ತನ್ನ ಪೂರ್ತಿ ಹೆಸರನ್ನು ಬಿಡಿಬಿಡಿಯಾಗಿ, ಗೆರೆ ದಾಟದ ಹಾಗೆ, ಚೆಂದವಾಗಿ ಬರೆದಿತ್ತು. ಅವನು ಅದನ್ನು ಮೆಲ್ಲಗೆ ಓದಿದ. ಇನ್ನೊಮ್ಮೆ ಓದಿದ. ಇಷ್ಟು ಸುಲಭದ ಹೆಸರು.

‘ಯಾರು, ಇವಳಾ?’ ಗುಮಾಸ್ತೆ ಅವನ ತಲೆಯ ಮೇಲಿಂದ ಬಗ್ಗಿ ನೋಡಿದಳು. ‘ಇವಳ ಮಗಳು ನಮ್ಮಲ್ಲೇ ಓದೋದಲ್ವಾ ಸಾರ್, ಮೂರನೇ ಕ್ಲಾಸು. ಡ್ರಿಲ್ ಬೇಡ ಅಂತ ವರ್ಷಾ ವರ್ಷಾ ಚೀಟಿ ಕಳಿಸ್ತಾಳಲ್ಲ. ನಿಮ್ಮ ಕೈಗೇ ಬರುತ್ತಲ್ಲ.’

ಬರುತ್ತಿತ್ತು. ಮಡಚಿದ ಚೀಟಿ, ಮೂರು ವರ್ಷದಿಂದ. ಅವನು ಮೇಲಿನ ಸಾಲು ಓದಿ, ಬೆಂಚು ಎಂದು ಬೆರಳು ತೋರಿಸಿ, ಚೀಟಿಯನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಕೆಳಗಿನ ಸಹಿಯವರೆಗೆ ಕಣ್ಣು ಹೋಗಿರಲಿಲ್ಲ. ಬಗ್ಗಿದವನ ಮುಖ ನೋಡಲು ಬಗ್ಗಿದ ಆ ಮಗು ಕಣ್ಣಿಗೆ ಕಟ್ಟಿತು. ಅವಳಿಗೂ ಒಂದು ಹೆಸರಿದೆ, ಮೂರು ವರ್ಷ ತಾನು ಅದನ್ನು ಕೇಳಿಲ್ಲ. ಅವನು ಜೇಬಿನಿಂದ ಪೆನ್ನು ತೆಗೆದ. ಮಂಡಿಯ ಮೇಲೆ ಪುಸ್ತಕ ಇಟ್ಟುಕೊಂಡು, ಮಗುವಿನ ಸಹಿಯ ಕೆಳಗೆ ಬರೆದ: ಮೇಲಿನದು ಸುಳ್ಳು. ಬೆನ್ನಿಗೆ ಮೊಣಕಾಲು ಕೊಟ್ಟು ಕೈ ಎಳೆದವನು ನಾನು. ಆಗುತ್ತಿಲ್ಲ ಎಂದು ಅವಳು ಹೇಳಿದ್ದಳು. ತಾರೀಖು ಹಾಕಿ ಸಹಿ ಮಾಡಿದ.

‘ಏನ್ ಬರೀತಿದ್ದೀರಿ ಸಾರ್?’ ಓದಿ ಮುಗಿಸುವ ಹೊತ್ತಿಗೆ ಗುಮಾಸ್ತೆಯ ಧ್ವನಿ ಇಳಿದಿತ್ತು. ‘ಇದು ಹೆಡ್‌ಮಿಸ್ ಕಣ್ಣಿಗೆ ಬಿದ್ರೆ ಸೋಮವಾರ ನೀವು...’

‘ನಾನೇ ಕೊಟ್ಟು ಹೋಗ್ತೀನಿ. ಮೊದಲು ಈ ಸಹಿ ಮಾಡಿದವರಿಗೆ ಹೇಳಿ ಬರ್ತೀನಿ.’

ಅವಳು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಇಪ್ಪತ್ತು ವರ್ಷದ ಸಲಿಗೆ ಆ ಎರಡು ಹೆಜ್ಜೆಯಲ್ಲಿ ಮುಗಿಯಿತೆಂದು ಅವನಿಗೆ ತಿಳಿಯಿತು. ಗಂಟೆ ಹೊಡೆಯಿತು.

ಬೀರು ಹಿಡಿದು ಎದ್ದು ಹೊರಗೆ ಬರುವ ಹೊತ್ತಿಗೆ ಮೈದಾನ ಮಕ್ಕಳಿಂದ ತುಂಬಿತ್ತು. ಅವನನ್ನು ಕಂಡಲ್ಲೆಲ್ಲ ಅವು ಓಟ ನಿಲ್ಲಿಸಿ ಸಾಲಾಗುತ್ತಿದ್ದವು. ಗೇಟಿನ ಹೊರಗೆ ಅಪ್ಪಂದಿರು, ಅಮ್ಮಂದಿರು, ಸೈಕಲ್ಲುಗಳು. ಬೆಂಚು ಎನ್ನುತ್ತಿದ್ದ ಆ ಹುಡುಗಿ ಚೀಲ ಕುಣಿಸುತ್ತ ಹೊರಗೋಡಿ, ಆಗಲೇ ಬೆನ್ನು ತಿರುಗಿಸಿ ಹೊರಟಿದ್ದ ಒಬ್ಬ ಹೆಂಗಸಿನ ಬಲಗೈ ಹಿಡಿದುಕೊಂಡಳು. ಹೆಂಗಸಿನ ಎಡಗೈ ಮೈಗೆ ಅಂಟಿಕೊಂಡಂತೆ ಇತ್ತು. ಈ ಸಲವೂ ಅವನಿಗೆ ಸಿಕ್ಕಿದ್ದು ಬೆನ್ನೇ.

ಅವನು ಅವಳ ಹೆಸರು ಹಿಡಿದು ಕರೆದ. ಅಷ್ಟು ಗದ್ದಲದಲ್ಲಿ ಕೇಳಿಸಬೇಕೆಂದು ಕೂಗಿದ್ದರಿಂದ, ಬೇಡವೆಂದರೂ ಅದು ಮೈದಾನದ ಧ್ವನಿಯೇ ಆಯಿತು. ಅವಳು ತಿರುಗುವುದಕ್ಕೆ ಮುಂಚೆ, ತಿರುಗಬೇಕೆಂದು ಅವಳಿಗೆ ಹೊಳೆಯುವುದಕ್ಕೂ ಮುಂಚೆ, ಅವಳ ಎರಡು ಹಿಮ್ಮಡಿಗಳು ಸರಕ್ಕನೆ ಜೋಡಿಯಾದವು. ಬೆನ್ನು ನೆಟ್ಟಗಾಯಿತು. ಮೂವತ್ತೈದು ವರ್ಷದ ಹೆಂಗಸು, ನಡುರಸ್ತೆಯಲ್ಲಿ, ಮಗಳ ಕೈ ಹಿಡಿದುಕೊಂಡು ಅಟೆನ್ಷನ್‌ನಲ್ಲಿ ನಿಂತಿದ್ದಳು. ಅವನಿಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು.

ಆಮೇಲೆ ಅವಳು ತಿರುಗಿದಳು. ಅಗಲ ಹಣೆ, ಸ್ವಲ್ಪ ಸೊಟ್ಟ ಮೂಗು, ಕೆಳತುಟಿಯ ಪಕ್ಕ ಒಂದು ಸಣ್ಣ ಕಲೆ. ಇದು ಆ ಮುಖ. ಅದು ಅವನನ್ನು ಗುರುತು ಹಿಡಿದಿತ್ತು.

ಅವನು ಯಾರೆಂದು ಬಲ್ಲ ಮಗಳು ಅಮ್ಮನ ಹಿಂದೆ ಅರ್ಧ ಸರಿದು ನಿಂತಳು. ಅವನು ಹತ್ತಿರ ಹೋಗಲು ಹೆಜ್ಜೆಯೆತ್ತಿದವನು ನಿಂತ. ಪುಸ್ತಕ ಎದೆಗೆ ಅವುಚಿಕೊಂಡಿದ್ದ. ಒಂದು ಲೇಸು ಶೂವಿನಿಂದ ಹೊರಬಿದ್ದು ಧೂಳಿನಲ್ಲಿ ಎಳೆದಾಡುತ್ತಿತ್ತು.

‘ನಿಮಗೆ ಒಂದು ಮಾತು ಹೇಳ್ಬೇಕಿತ್ತು,’ ಎಂದ. ‘ಹತ್ತಿರ ಬರಬಹುದಾ?’

ಕೇಳಿ ಕಾದ. ಕಾಯುವುದು ಇಷ್ಟು ಕಷ್ಟ ಎಂದು ಅವನಿಗೆ ಗೊತ್ತಿರಲಿಲ್ಲ. ಅವಳು ಪುಸ್ತಕ ನೋಡಿದಳು, ಮಗಳನ್ನು ನೋಡಿದಳು, ತನ್ನ ಕಾಲುಗಳನ್ನು ನೋಡಿಕೊಂಡಳು. ನೋಡಿಕೊಂಡು, ಜೋಡಿಯಾಗಿದ್ದ ಹಿಮ್ಮಡಿಗಳನ್ನು ಬೇಕೆಂದೇ ದೂರ ಮಾಡಿ ನಿಂತಳು.

‘ಬೇಡ,’ ಎಂದಳು. ‘ಅಲ್ಲಿಂದಲೇ ಹೇಳಿ.’

ನಡುವೆ ಹತ್ತು ಹನ್ನೆರಡು ಮಾರು ದೂರವಿತ್ತು. ಅಲ್ಲಿಂದಲೇ ಹೇಳಬೇಕಾದರೆ ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಸೈಕಲ್ ಹಿಡಿದ ಅಪ್ಪಂದಿರು ತಿರುಗಿ ನೋಡುತ್ತಿದ್ದರು, ಗೇಟಿನೊಳಗೆ ಮಕ್ಕಳು ಗುಂಪಾಗಿ ನಿಂತಿದ್ದವು, ಗುಮಾಸ್ತೆ ಮೆಟ್ಟಿಲ ಮೇಲಿದ್ದಳು. ಅವನು ಉಸಿರು ಹಿಡಿದುಕೊಂಡಿದ್ದ. ಅದನ್ನು ಬಿಟ್ಟ, ಮತ್ತೆ ತೆಗೆದುಕೊಂಡ, ದೊಡ್ಡ ಧ್ವನಿಯಲ್ಲಿ ಶುರುಮಾಡಿದ.